ಖಾಲಿ ಎಂದು ಬರೆದ ಕೈ

ಮಂಗಳವಾರದಿಂದ ಈಚೆಗೆ ಬಲಗೈಯನ್ನು ಎಡಗೈಗಿಂತ ಹೆಚ್ಚು ಸಲ ತೊಳೆಯುತ್ತಿದ್ದೇನೆ ಎಂಬುದು ಅವಳ ಗಮನಕ್ಕೆ ಬಂದದ್ದು ಶುಕ್ರವಾರ ಬೆಳಿಗ್ಗೆ, ಹಾಸ್ಟೆಲಿನ ಉದ್ದನೆಯ ನೀರಿನ ತೊಟ್ಟಿಯ ಮುಂದೆ ನಿಂತಾಗ. ವಾಸನೆಯೇನೂ ಉಳಿದಿರಲಿಲ್ಲ. ಸಗಣಿಯ ವಾಸನೆ ಎರಡು ಸಲ ಸೋಪು ಹಚ್ಚಿದರೆ ಹೋಗುತ್ತದೆ. ಹೋಗದಿದ್ದರೂ ಪಶುವೈದ್ಯ ಕಾಲೇಜಿನಲ್ಲಿ ನಾಲ್ಕನೆಯ ವರ್ಷಕ್ಕೆ ಕಾಲಿಟ್ಟವರಿಗೆ ಅದೊಂದು ವಾಸನೆಯೇ ಅಲ್ಲ. ಮೊದಲ ವರ್ಷ ರಜೆಗೆ ಮನೆಗೆ ಹೋದಾಗ ಚಿಕ್ಕಪ್ಪ ಮೂಗು ಮುಚ್ಚಿಕೊಂಡು, "ಡಾಕ್ಟ್ರು ಬಂದ್ರು, ಕಿಟಕಿ ತೆಗೀರಪ್ಪ" ಎಂದಿದ್ದ. ಎಲ್ಲರೂ ನಕ್ಕಿದ್ದರು, ಅವಳೂ ನಕ್ಕಿದ್ದಳು, ಆಮೇಲೆ ಬಚ್ಚಲಿಗೆ ಹೋಗಿ ಮೊಣಕೈ ಕೆಂಪಾಗುವವರೆಗೆ ಉಜ್ಜಿಕೊಂಡಿದ್ದಳು. ಈಗಿನ ತೊಳೆತ ಬೇರೆ. ಕೈ ಚೊಕ್ಕವಾಗಿತ್ತು, ಉಗುರು ಮಟ್ಟಸವಾಗಿತ್ತು, ಗಿಡ್ಡ ಬೆರಳುಗಳು ಎಂದಿನ ಹಾಗೆ ಗಿಡ್ಡವಾಗಿಯೇ ಇದ್ದವು. ಆ ಕೈಯೇ ಮಂಗಳವಾರ ಹದಿನೇಳನೆಯ ನಂಬರಿನ ಹಸುವಿನ ಚೀಟಿಯ ಮೇಲೆ 'ಖಾಲಿ' ಎಂದು ಬರೆದು ಕೆಳಗೆ ಸಹಿ ಹಾಕಿತ್ತು. ಇವತ್ತು ಹನ್ನೆರಡು ಗಂಟೆಗೆ ಲಾರಿ ಬರುತ್ತದೆ. ಅವಳು ನಲ್ಲಿ ತಿರುಗಿಸಿ ಇನ್ನೊಂದು ಸಲ ನೀರು ಬಿಟ್ಟುಕೊಂಡಳು.

ಹೊರಗಿನವರಿಗೆ ಹೇಳಿದರೆ ನಗು ಬರುವಂಥ ವಿದ್ಯೆ ಇದು. ಹೆಗಲವರೆಗೆ ಪ್ಲಾಸ್ಟಿಕ್ ಗ್ಲೌಸ್ ಏರಿಸಿ, ಸೋಪುನೀರು ಸವರಿಕೊಂಡು, ಬಾಲ ಪಕ್ಕಕ್ಕೆ ಸರಿಸಿ, ಹಸುವಿನ ಹಿಂಬದಿಯಿಂದ ಕೈಯನ್ನು ಕರುಳಿನೊಳಕ್ಕೆ ತೂರಿಸಬೇಕು. ಕರುಳಿನ ತೆಳ್ಳಗಿನ ಗೋಡೆಯ ಮೂಲಕ ಕೆಳಗಿರುವ ಗರ್ಭಚೀಲವನ್ನು ತಡವಿ, ಹಸು ಗಬ್ಬವೋ ಖಾಲಿಯೋ ಹೇಳಬೇಕು. ಅಷ್ಟು ಹೊತ್ತೂ ಕಣ್ಣಿಗೆ ಕಾಣುವುದು ಎದುರಿನ ಗೋಡೆ ಮಾತ್ರ. ಒಬ್ಬೊಬ್ಬರಿಗೆ ಐದು ನಿಮಿಷ. ಹಸು ಸುಮ್ಮನಿರುತ್ತದೆಯೇ? ಕರುಳು ಹಿಂಡುತ್ತದೆ, ಎರಡನೆಯ ನಿಮಿಷಕ್ಕೆ ತೋಳು ಜೋಮು ಹಿಡಿಯುತ್ತದೆ, ಮೂರನೆಯ ನಿಮಿಷಕ್ಕೆ ಬೆರಳು ತನ್ನದೋ ಪಕ್ಕದವರದೋ ತಿಳಿಯುವುದಿಲ್ಲ. ಉದ್ದ ತೋಳಿನವರು ಹೇಗೋ ಬಚಾವಾಗುತ್ತಾರೆ. ಅವಳದು ಗಿಡ್ಡ ತೋಳು, ಕೆನ್ನೆ ಹಸುವಿನ ಹಿಂಭಾಗಕ್ಕೆ ಒತ್ತಿದರೂ ಇನ್ನು ನಾಲ್ಕು ಬೆರಳು ಸಾಲದಾಗುತ್ತಿತ್ತು. ಹಾಗಾಗಿ ತರಗತಿಯವರು ತಮ್ಮ ತಮ್ಮೊಳಗೇ ಒಂದು ಪದ್ಧತಿ ಮಾಡಿಕೊಂಡಿದ್ದರು. ಒಂದು ಹಸುವಿಗೆ ಇಬ್ಬರು. ಮೊದಲು ಕೈ ಹಾಕಿದವನಿಗೆ ಗಬ್ಬ ಅನ್ನಿಸಿದರೆ ಕೈ ಹೊರಗೆ ತೆಗೆಯುವಾಗ ಕೆಮ್ಮುತ್ತಾನೆ, ಖಾಲಿ ಅನ್ನಿಸಿದರೆ ಕೆಮ್ಮುವುದಿಲ್ಲ. ಎರಡನೆಯವರು ಐದು ನಿಮಿಷ ಗೋಡೆ ನೋಡಿ, ಹುಬ್ಬು ಗಂಟಿಕ್ಕಿ, ಅದನ್ನೇ ಹೇಳಿ ಚೀಟಿ ಬರೆಯುತ್ತಾರೆ. ಒಂದು ಸಲ ಒಬ್ಬನಿಗೆ ನಿಜವಾಗಿಯೂ ನೆಗಡಿಯಾಗಿ, ಆ ದಿನ ಕೊಟ್ಟಿಗೆಯ ಹಸುಗಳೆಲ್ಲ ಗಬ್ಬವಾಗಿಬಿಟ್ಟಿದ್ದವು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ಬೇರೆಲ್ಲೋ ಇರುತ್ತಾರೆ ಎಂದು ಅವಳು ತಿಳಿದಿದ್ದಳು. ಮಂಗಳವಾರ ಅವಳ ಮುಂದಿದ್ದವನು ಉದ್ದಕೈ, ತರಗತಿಗೆಲ್ಲ ಎತ್ತರದವನು. ಅವನು ಕೈ ತೆಗೆದ, ಕೆಮ್ಮಲಿಲ್ಲ. ಅವಳು ಕೈ ಹಾಕಿದಳು, ಗರ್ಭಚೀಲ ಇರಬೇಕಾದ ಜಾಗದಲ್ಲೆಲ್ಲ ತಡಕಾಡಿದಳು, ಏನೂ ಸಿಗಲಿಲ್ಲ, ತೋಳು ಮರಗಟ್ಟಿತು. "ಖಾಲಿ ಸಾರ್" ಎಂದಳು. ಮೇಷ್ಟ್ರು ಕನ್ನಡಕದ ಮೇಲಿನಿಂದ ಅವಳನ್ನು ನೋಡಿ, "ಖಾಲಿನಾ, ಸಿಗಲಿಲ್ವಾ?" ಎಂದು ಕೇಳಿದರು. ಬಾಗಿಲು ತೆಗೆದಿಟ್ಟು, ಬೇಕಾದರೆ ಹೋಗು ಎನ್ನುವಂತೆ ಕೇಳಿದ್ದರು. ಹಿಂದೆ ಸಾಲಿನಲ್ಲಿ ನಿಂತವರಲ್ಲಿ ಯಾರೋ ಕಿಸಕ್ಕೆಂದರು. ಅವಳು ಬೆನ್ನು ನೆಟ್ಟಗೆ ಮಾಡಿ, "ಖಾಲಿ ಸಾರ್" ಎಂದು ಎರಡನೆಯ ಸಲವೂ ಹೇಳಿದಳು. ಮೊದಲನೆಯ ಸಲದ್ದು ಬಾಯಿತಪ್ಪು ಅನ್ನಬಹುದು. ಎರಡನೆಯದು ಸುಳ್ಳು.

ಸುಳ್ಳಿಗೆ ಕಾಲಿಲ್ಲ ಎನ್ನುತ್ತಾರೆ, ಇದಕ್ಕೆ ಚಕ್ರ ಬಂತು. ಗುರುವಾರ ಸಂಜೆ ಕೊಟ್ಟಿಗೆಯ ಬಾಗಿಲಿಗೆ ಒಂದು ಹಾಳೆ ಅಂಟಿಸಿದ್ದರು: ಮಂದೆಯಿಂದ ತೆಗೆಯುವ ಹಸುಗಳು, ಹದಿನೇಳು, ಇಪ್ಪತ್ತೆರಡು, ಮೂವತ್ತೊಂದು. ಮೂರು ಸಲ ಗರ್ಭಧಾರಣೆ ಮಾಡಿಸಿಯೂ ಗಬ್ಬ ನಿಲ್ಲದ ಹಸುವನ್ನು ಇಟ್ಟುಕೊಳ್ಳುವುದಿಲ್ಲ ಎಂಬುದು ಕಾಲೇಜಿನ ಮಂದೆಯ ಕಟ್ಟಳೆ. ಹದಿನೇಳಕ್ಕೆ ಮೂರನೆಯ ಸಲ ಮಾಡಿಸಿ ನಾಲ್ಕು ತಿಂಗಳಾಗಿತ್ತು. ಅದಕ್ಕೆ ಎಲ್ಲರೂ ಇಟ್ಟ ಹೆಸರು ಮಹಾರಾಣಿ. ಉಳಿದ ಹಸುಗಳೆಲ್ಲ ಒಳಗೆ ಹೋಗಿ ದಾರಿ ಬಿಟ್ಟ ಮೇಲೆಯೇ ಅದು ಹೊಸ್ತಿಲು ದಾಟುವುದು, ಬಕೆಟ್ಟಿನಲ್ಲಿ ಒಂದು ಹುಲ್ಲುಕಡ್ಡಿ ತೇಲುತ್ತಿದ್ದರೂ ನೀರು ಮುಟ್ಟದೆ ಮುಖ ತಿರುಗಿಸುವುದು. ಕೊಟ್ಟಿಗೆ ನೋಡಿಕೊಳ್ಳುವ ಅಕ್ಕ, ವಿದ್ಯಾರ್ಥಿಗಳಿಂದ ಮೇಷ್ಟ್ರವರೆಗೆ ಎಲ್ಲರಿಗೂ ಅಕ್ಕನೇ ಆದವಳು, ಅದರ ಕುತ್ತಿಗೆಯ ಕೆಳಗಿನ ತೊಗಲನ್ನು ತುರಿಸುತ್ತಾ ಹಾಳೆಯ ಕಡೆ ಗದ್ದ ತೋರಿಸಿದ್ದಳು.

"ನಾಲ್ಕು ತಿಂಗಳಿಂದ ಒಂದಿನ ಬೆದೆಗೆ ಬಂದು ಕೂಗಿಲ್ಲ ಇವಳು. ಮೇವು ನೋಡಿದ್ರೆ ಎರಡು ಹೊಟ್ಟೆಗೆ ತಿಂದ ಹಾಗೆ ತಿಂತಾಳೆ. ನಾನಂತೂ ಬೇರೆ ಏನೋ ಅಂದ್ಕೊಂಡಿದ್ದೆ."

"ಏನಂದ್ಕೊಂಡಿದ್ರಿ ಅಕ್ಕ?"

"ನಾನು ಅಂದ್ಕೊಂಡ್ರೆ ಆಯ್ತಾ? ಓದಿದವರು ಕೈ ಹಾಕಿ ನೋಡಿ ಖಾಲಿ ಅಂದಿದ್ದೀರಿ. ಖಾಲಿ ಅಂದ ಮೇಲೆ ಖಾಲಿನೇ."

ಅಕ್ಕನ ಮಾತಿನಲ್ಲಿ ಕೊಂಕಿರಲಿಲ್ಲ. ಕೊಂಕಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡನಂತೆ. ಅವಳ ಎಡಗೈ ತಾನಾಗಿಯೇ ಹೋಗಿ ಬಲಗೈಯ ಮಣಿಕಟ್ಟನ್ನು ಹಿಡಿದುಕೊಂಡಿತ್ತು. ಮಹಾರಾಣಿ ತಲೆ ತಿರುಗಿಸಿ ಅವಳನ್ನೊಮ್ಮೆ ನೋಡಿ, ಗಮನ ಕೊಡಬೇಕಾದಂಥದ್ದೇನೂ ಅಲ್ಲ ಎಂದು ತೀರ್ಮಾನಿಸಿ, ಮೇವಿಗೆ ಬಾಯಿ ಹಾಕಿತು.

ಶುಕ್ರವಾರ ಒಂಬತ್ತರ ತರಗತಿ ವಿಷಗಳ ಪಾಠ. ಪಾಠ ಹೇಳುವ ಮೇಡಂ ಬೋರ್ಡಿನ ಮೇಲೆ ಎಡಕ್ಕೆ ವಿಷ, ಬಲಕ್ಕೆ ಮದ್ದು ಬರೆಯುತ್ತಾ ಹೋದರು, ಅವಳು ಕಿಟಕಿಯ ಪಕ್ಕ ಕೂತು ಎರಡನ್ನೂ ಬರೆದುಕೊಳ್ಳುತ್ತಾ ಹೋದಳು. ಬರೆದುಕೊಳ್ಳುವುದೆಂದರೆ ಅವಳಿಗೆ ಇಷ್ಟ. ಈ ಓದೇ ಅವಳಿಗೆ ಇಷ್ಟ. ಯಾರೂ ಕೇಳದಿದ್ದರೂ ಒಳಗೊಳಗೇ ಒಪ್ಪಿಕೊಂಡ ಸಂಗತಿ ಅದು. ಮನುಷ್ಯರ ಡಾಕ್ಟರಿಗೆ ಒಂದೇ ಜಾತಿಯ ರೋಗಿ, ಅದೂ ಬಾಯಿ ಬಿಟ್ಟು ಹೇಳುವ ರೋಗಿ. ಇವರಿಗೆ ಕುದುರೆ, ದನ, ಕುರಿ, ಹಂದಿ, ನಾಯಿ, ಬೆಕ್ಕು, ಕೋಳಿ, ಒಂದೊಂದಕ್ಕೂ ಬೇರೆ ಮೂಳೆ, ಬೇರೆ ಹಲ್ಲು, ಬೇರೆ ಅಳತೆಯ ಔಷಧ, ಒಂದೂ ತುಟಿ ಪಿಟಕ್ಕೆನ್ನುವುದಿಲ್ಲ. ಮೊದಲ ವರ್ಷ ಅವಳ ಮಂಚದ ಕೆಳಗೆ ಒಂದು ಟ್ರಂಕು ತುಂಬ ಮೂಳೆಗಳಿದ್ದವು, ಹಿರಿಯ ವಿದ್ಯಾರ್ಥಿಗಳಿಂದ ಕೈದಾಟಿ ಬಂದ ಒಂದು ಕುದುರೆಯವು. ಕಣ್ಣು ಮುಚ್ಚಿ ಒಂದನ್ನು ಎತ್ತಿ, ಇದು ಎಡದ್ದೋ ಬಲದ್ದೋ ಹೇಳುವ ಆಟವನ್ನು ಕೋಣೆಯ ಗೆಳತಿಯ ಜೊತೆ ಆಡಿ ಯಾವಾಗಲೂ ಗೆಲ್ಲುತ್ತಿದ್ದಳು. ದನದ ನಾಲ್ಕು ಹೊಟ್ಟೆಗಳಲ್ಲಿ ಮೂರನೆಯದರ ಒಳಗೆ ಪುಸ್ತಕದ ಹಾಳೆಗಳ ಹಾಗೆ ಮಡಿಕೆಗಳಿವೆ ಎಂದು ತಿಳಿದ ದಿನ ಅವಳಿಗೆ ಖುಷಿಯಲ್ಲಿ ಊಟ ಸೇರಿರಲಿಲ್ಲ. ಎರಡನೆಯ ವರ್ಷ ಸಗಣಿಯನ್ನು ನೀರಲ್ಲಿ ಕದಡಿ, ಗಾಜಿನ ಪಟ್ಟಿಯ ಮೇಲೆ ಹುಳುವಿನ ಮೊಟ್ಟೆ ಎಣಿಸಿದ್ದು. ಮೂರನೆಯ ವರ್ಷ ಹಾಲು ಹಾಳಾಗುವುದು ಹೇಗೆ, ಮಾಂಸವನ್ನು ಪರೀಕ್ಷಿಸುವುದು ಹೇಗೆ. ಆ ಮಾಂಸದ ಪಾಠಕ್ಕೆ ಅವರನ್ನು ಬಸ್ಸಿನಲ್ಲಿ ಕರೆದುಕೊಂಡು ಹೋಗಿದ್ದರು, ಲಾರಿಗಳು ಹೋಗಿ ನಿಲ್ಲುವ ಆ ಜಾಗಕ್ಕೇ. ಬಿಳಿ ಟೈಲ್ಸ್, ಉದ್ದನೆಯ ಕೊಳವೆಯಿಂದ ನೀರು ಬಿಟ್ಟು ನೆಲ ತೊಳೆಯುವ ಸದ್ದು. ಪರೀಕ್ಷಕ ಒಂದು ಗರ್ಭಚೀಲವನ್ನು ಮೇಜಿನ ಮೇಲೆ ಕೊಯ್ದಾಗ ಒಳಗೆ ಒಂದು ಕರು ಮಲಗಿತ್ತು, ಬೆಕ್ಕಿನಷ್ಟು ದೊಡ್ಡದು, ಮೈಮೇಲೆ ಕೂದಲಿಲ್ಲ, ಗೊರಸು ಮಾತ್ರ ನಾಲ್ಕೂ ಸರಿಯಾಗಿ ಬಂದಿದ್ದವು. ಪರೀಕ್ಷಕ ಕೋಪವನ್ನೂ ಮಾಡಿಕೊಳ್ಳಲಿಲ್ಲ. "ಯಾರೋ ಪುಣ್ಯಾತ್ಮ ಖಾಲಿ ಅಂತ ಬರೆದಿದ್ದಾನೆ" ಎಂದಷ್ಟೇ ಹೇಳಿ ಮುಂದಿನ ಮೇಜಿಗೆ ಹೋಗಿದ್ದ. ಅಂದು ಅವಳು ಆ ಯಾರೋ ಒಬ್ಬನನ್ನು ಮನಸಾರೆ ಬೈದುಕೊಂಡಿದ್ದಳು. ಕುಡುಕನೋ ಸೋಮಾರಿಯೋ ಇರಬೇಕು ಎಂದು ಅವನಿಗೊಂದು ಮುಖವನ್ನೂ ಕಟ್ಟಿದ್ದಳು, ದಪ್ಪ ಮೀಸೆ, ಕೆಂಪು ಕಣ್ಣು. ಅವನಿಗೆ ಗಿಡ್ಡ ಬೆರಳುಗಳಿದ್ದವೆಂದು ಅವಳಿಗೆ ಹೊಳೆದಿರಲಿಲ್ಲ. ಬೋರ್ಡಿನ ಬಲಭಾಗ ತುಂಬಿತ್ತು, ಮೇಡಂ ಯಾವುದೋ ವಿಷದ ಮುಂದೆ ಮದ್ದಿಲ್ಲ ಎಂದು ಬರೆದು ಅಡಿಗೆರೆ ಎಳೆಯುತ್ತಿದ್ದರು.

ಹತ್ತೂವರೆಯ ಬಿಡುವಿನಲ್ಲಿ ಉದ್ದಕೈ ಮೆಟ್ಟಿಲ ಮೇಲೆ ಚಹಾ ಹಿಡಿದು ಕಾಲು ಚಾಚಿ ಕೂತಿದ್ದ, ಅವನು ಕಾಲು ಚಾಚಿದರೆ ಮೂರು ಮೆಟ್ಟಿಲು ಬೇಕು. ಅವಳು ಅವನ ಎದುರು ನಿಂತಳು.

"ಮಂಗಳವಾರ ಹದಿನೇಳು ನಿಂಗೆ ನಿಜವಾಗ್ಲೂ ಸಿಕ್ತಾ?"

"ಏನು ಸಿಕ್ತಾ?"

"ಗರ್ಭಚೀಲ ಕಣೋ. ಮುಟ್ಟಿ ನೋಡಿ ಖಾಲಿ ಅಂತ ಗೊತ್ತಾಯ್ತಾ, ಇಲ್ಲಾ ಸುಮ್ನೆ ಕೆಮ್ಮಲಿಲ್ವಾ?"

ಉದ್ದಕೈ ಚಹಾ ಊದಿದ. ಆಮೇಲೆ ಇನ್ನೊಂದು ಸಲ ಊದಿದ. "ಕೈ ಜೋಮು ಹಿಡಿದಿತ್ತು ಮಾರಾಯ್ತಿ. ಏನೂ ಸಿಗಲಿಲ್ಲ. ನೀನು ಹೇಗೂ ನೋಡ್ತೀಯಲ್ಲ ಅಂತ..."

"ನಾನು ನೀನು ನೋಡಿದ್ದೀಯಲ್ಲ ಅಂತ."

ಕುರುಡರಿಬ್ಬರು ಒಬ್ಬರ ಹೆಗಲ ಮೇಲೆ ಒಬ್ಬರು ಕೈಯಿಟ್ಟು ರಸ್ತೆ ದಾಟಿದ ಕತೆ ಇದು. ಉದ್ದಕೈ ತಲೆ ಕೆರೆದುಕೊಂಡು, "ಈಗ ಹೋಗಿ ಹೇಳಿದ್ರೆ ಕೆಮ್ಮಿನ ವಿಷಯನೂ ಹೊರಗೆ ಬರುತ್ತೆ. ಇಡೀ ಕ್ಲಾಸಿಗೆ ಮಂಗಳಾರತಿ. ಆಂತರಿಕ ಅಂಕ ಎಲ್ಲಾ ಅವರ ಕೈಲೇ ಇರೋದು" ಎಂದ. ಅವನು ಕೆಟ್ಟವನಲ್ಲ. ಅವನು ಹೇಳಿದ್ದೂ ಸುಳ್ಳಲ್ಲ. ಕೆಮ್ಮಿನ ಗುಟ್ಟು ಬಿಟ್ಟುಕೊಟ್ಟವಳೊಂದಿಗೆ ಇನ್ನು ಒಂದೂವರೆ ವರ್ಷ ಯಾರು ಒಂದೇ ಮೇಜಿನಲ್ಲಿ ಊಟಕ್ಕೆ ಕೂರುತ್ತಾರೆ ಎಂದು ಅವಳೂ ಲೆಕ್ಕ ಹಾಕಿದ್ದಳು. ಮೇಷ್ಟ್ರು ಸಾಲಿನೆದುರು ನಿಲ್ಲಿಸಿ ಕೇಳುವುದು, ಅವಳು ತಲೆ ತಗ್ಗಿಸುವುದು, ಗಿಡ್ಡ ತೋಳಿನವಳಿಗೆ ಈ ವಿದ್ಯೆ ಯಾಕೆ ಬೇಕಿತ್ತು ಎಂದು ಯಾರೋ ಹಿಂದಿನಿಂದ ಗೊಣಗುವುದು, ಇವನ್ನೆಲ್ಲ ಅವಳು ಮೂರು ದಿನದಿಂದ ಮನಸ್ಸಿನಲ್ಲಿ ನೋಡಿ ನೋಡಿ ಸವೆಸಿದ್ದಳು. ಅಷ್ಟರಲ್ಲಿ ಜೇಬಿನಲ್ಲಿ ಫೋನು ನಡುಗಿತು.

ಅಮ್ಮ. ಈ ಹೊತ್ತಿಗೆ ಅಮ್ಮ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಟ್ಟು, ಅದು ಇಳಿಯುವವರೆಗೆ ಮಗಳಿಗೆ ಫೋನು ಮಾಡುತ್ತಾಳೆ. ಅಮ್ಮ ದರ್ಜಿ, ಮನೆಯ ಮುಂದಿನ ಕೋಣೆಯೇ ಅಂಗಡಿ. ಮೂರು ವರ್ಷದಿಂದ ಕೇಳುವುದು ಒಂದೇ ಪ್ರಶ್ನೆ.

"ಇವತ್ತೇನು ಓದಿದೆ ಮಗಳೇ?"

"ವಿಷ ಅಮ್ಮ."

"ಥೂ, ಬೆಳಿಗ್ಗೆ ಬೆಳಿಗ್ಗೆ. ಬಿಡು. ಒಂದು ಕೋಟು ಬಂದಿದೆ ನೋಡು, ಹಳೇದು, ಬಟ್ಟೆ ಸುತ್ತಿದ ಗುಂಡಿ ಅದರದ್ದು. ಒಂದು ಬಿದ್ದೋಗಿದೆ. ಚೀಲದಲ್ಲಿ ಎಲ್ಲೋ ಇರಬೇಕು ಅಂಥದ್ದು, ನೀನಿದ್ದಿದ್ರೆ ಒಂದು ನಿಮಿಷಕ್ಕೆ ಹುಡುಕಿಕೊಡ್ತಿದ್ದೆ."

ಗುಂಡಿಯ ಚೀಲ ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿರುತ್ತಿತ್ತು, ದಪ್ಪ ಬಟ್ಟೆಯದು, ಬಾಯಿಗೆ ದಾರ. ಒಳಗೆ ಸಾವಿರಾರು ಗುಂಡಿಗಳು. ಅವಳು ಶಾಲೆಯಿಂದ ಬಂದ ಕೂಡಲೇ ಅಮ್ಮ ಒಂದು ಗುಂಡಿಯನ್ನು ಅಂಗೈಗಿಟ್ಟು, ಇದರ ಜೊತೆಯದು ಹುಡುಕು ಎನ್ನುತ್ತಿದ್ದಳು. ಚೀಲವನ್ನು ನೆಲಕ್ಕೆ ಸುರಿಯುವ ಹಾಗಿಲ್ಲ, ಸುರಿದರೆ ಆರಿಸಿ ತುಂಬುವಷ್ಟರಲ್ಲಿ ಕತ್ತಲಾಗುತ್ತದೆ. ಕೈ ಹಾಕಬೇಕು. ಮೊದಮೊದಲು ಅವಳು ಸರಸರನೆ ಕಲಕಿ, ಸಿಗಲಿಲ್ಲ ಎಂದು ಅಳುಮುಖ ಮಾಡುತ್ತಿದ್ದಳು. ಅಮ್ಮ ಪಾದದಿಂದ ಯಂತ್ರ ತುಳಿಯುತ್ತಲೇ ಹೇಳುತ್ತಿದ್ದಳು: ಕೈ ಆಡಿಸಬೇಡ, ಸುಮ್ಮನೆ ಇಡು, ಗುಂಡಿಗಳೇ ಬಂದು ಬೆರಳಿಗೆ ಹೇಳ್ತಾವೆ, ಆತುರದವರ ಕೈಗೆ ಎಲ್ಲಾ ಗುಂಡಿನೂ ಒಂದೇ ಥರ. ಈಗ ಫೋನಿನಲ್ಲಿ ಅಮ್ಮ, "ಯಾಕೆ ಮಾತೇ ಇಲ್ಲ? ಊಟ ಸರಿಯಾಗಿ ಮಾಡ್ತಿದ್ದೀಯಾ?" ಎನ್ನುತ್ತಿದ್ದಳು.

"ಅಮ್ಮ, ಗುಂಡಿ ಸಿಗದೇ ಇದ್ರೆ ನಾನು ಚೀಲದಲ್ಲಿ ಇಲ್ಲ ಅಂತ ಹೇಳ್ತಿದ್ನಾ, ಸಿಗಲಿಲ್ಲ ಅಂತಿದ್ನಾ?"

"ಇಲ್ಲ ಅಂತ ನೀನು ಯಾಕೆ ಹೇಳ್ತೀಯ? ಇಲ್ಲ ಅನ್ನೋಕೆ ಇಡೀ ಚೀಲ ನೋಡಿರ್ಬೇಕಲ್ಲ. ಏನಾಯ್ತೇ ನಿಂಗೆ?"

"ಏನಿಲ್ಲ. ಆಮೇಲೆ ಮಾಡ್ತೀನಿ" ಎಂದು ಅವಳು ಫೋನಿಟ್ಟಳು. ಉದ್ದಕೈ ಮೆಟ್ಟಿಲ ಮೇಲಿಂದ ಅವಳು ಹೊರಟ ದಿಕ್ಕನ್ನು ನೋಡಿ, ಉಳಿದ ಚಹಾವನ್ನು ಗಿಡಕ್ಕೆ ಚೆಲ್ಲಿದ.

ತರಗತಿಯಿಂದ ಕೊಟ್ಟಿಗೆಗೆ ಏಳು ನಿಮಿಷದ ದಾರಿ; ಹುಲ್ಲಿನ ಗೋದಾಮು, ಕೋಳಿಮನೆ, ನಾಯಿಗಳ ಚಿಕಿತ್ಸಾಲಯದ ಹಿಂಬದಿ. ಕೋಳಿಮನೆಯ ಹತ್ತಿರ ಅವಳಿಗೆ ತಿರುಗಿ ಹೋಗಬೇಕೆನ್ನಿಸಿತು. ಒಂದು ವೇಳೆ ಹಸು ನಿಜವಾಗಿಯೂ ಖಾಲಿಯೇ ಆಗಿದ್ದರೆ? ಆಗ ಮಾನವೂ ಹೋಯಿತು, ಗುಟ್ಟೂ ಹೋಯಿತು, ಹಸುವೂ ಹೋಯಿತು. ಖಾಲಿಯೇ ಆಗಿರಲಿ ಎಂದು ಒಂದು ಗಳಿಗೆ ಆಸೆಪಟ್ಟಳು, ಆಸೆಪಟ್ಟದ್ದಕ್ಕೆ ನಾಚಿಕೆಯಾಯಿತು, ನಾಚಿಕೆಯಲ್ಲಿ ಹೆಜ್ಜೆ ಇನ್ನೂ ಜೋರಾಯಿತು. ಹನ್ನೆರಡಕ್ಕೆ ಬರಬೇಕಿದ್ದ ಲಾರಿ ಆಗಲೇ ಬಂದು ನಿಂತಿತ್ತು. ಹಿಂಬದಿಯ ಹಲಗೆ ಇಳಿಸಿದ್ದರು, ಡ್ರೈವರು ನೆರಳಲ್ಲಿ ಕೂತು ಬೆನ್ನು ಒರಗಿಸಿದ್ದ. ಅಂಗಳದಲ್ಲಿ ಕಬ್ಬಿಣದ ಕಂಬಿಗಳ ಚೌಕಟ್ಟಿನೊಳಗೆ ಮಹಾರಾಣಿಯನ್ನು ನಿಲ್ಲಿಸಿದ್ದರು. ಅಕ್ಕ ಅದರ ಹಗ್ಗ ಹಿಡಿದಿದ್ದಳು. ಮೇಷ್ಟ್ರು ಕೈಯಲ್ಲಿ ಹೊಸ ಗ್ಲೌಸ್ ಹಿಡಿದು ಕನ್ನಡಕ ಒರೆಸಿಕೊಳ್ಳುತ್ತಿದ್ದರು.

"ಸಾರ್" ಎಂದಳು. ಏದುಸಿರು ಬರುತ್ತಿತ್ತು. ಮನಸ್ಸಿನಲ್ಲಿ ಜೋಡಿಸಿಕೊಂಡು ಬಂದ ಮಾತುಗಳಲ್ಲಿ ಒಂದೂ ನಾಲಿಗೆಗೆ ಬರಲಿಲ್ಲ. "ಸಾರ್, ಹದಿನೇಳು ಖಾಲಿ ಅಲ್ಲ. ಅಂದ್ರೆ, ಗೊತ್ತಿಲ್ಲ ಸಾರ್. ನಂಗೆ ಸಿಗಲಿಲ್ಲ. ಮಂಗಳವಾರ ಏನೂ ಸಿಗಲಿಲ್ಲ, ಕೈ ಜೋಮು ಹಿಡಿದಿತ್ತು, ಖಾಲಿ ಅಂತ ಬರೆದುಬಿಟ್ಟೆ. ನೀವು ಕೇಳಿದ್ರಿ, ಆಗ್ಲೂ ಖಾಲಿ ಅಂದೆ. ಅದು ಸುಳ್ಳು ಸಾರ್."

ಮೇಷ್ಟ್ರು ಕನ್ನಡಕ ಹಾಕಿಕೊಂಡರು. ಬೈಯುತ್ತಾರೆಂದು ಅವಳು ಕಾದಳು, ಅವರು ಬೈಯಲಿಲ್ಲ.

"ನಿಮ್ಮ ಚೀಟಿ ನೋಡ್ಕೊಂಡು ನಾನು ಲಾರಿ ಹತ್ತಿಸ್ತೀನಿ ಅಂದ್ಕೊಂಡ್ಯಾ?" ಎಂದರು. "ಇಪ್ಪತ್ತಾರು ವರ್ಷದಿಂದ, ಹಲಗೆ ಹತ್ತೋ ಮುಂಚೆ ನಾನು ಕೈ ಹಾಕದೆ ಒಂದೇ ಒಂದು ಹಸು ಇಲ್ಲಿಂದ ಹೋಗಿಲ್ಲಮ್ಮ. ಮಂಗಳವಾರ ನೆಗಡಿ ಕಡಿಮೆ ಇತ್ತು ಅಂತ ಕಾಣುತ್ತೆ ನಿಮ್ಮ ಕ್ಲಾಸಲ್ಲಿ."

ಅಕ್ಕ ಹಸುವಿನ ಕುತ್ತಿಗೆಯ ಹಿಂದೆ ಮುಖ ಮರೆಸಿ ನಕ್ಕಳು. ಅವಳಿಗೆ ಮೊದಲು ಎದೆಯಿಂದ ಒಂದು ಮೂಟೆ ಇಳಿದ ಹಾಗಾಯಿತು. ಹಸು ಹೇಗೂ ಉಳಿಯುತ್ತಿತ್ತು. ಅದರ ಹಿಂದೆಯೇ ಇನ್ನೊಂದು ಬಂತು, ಅದು ಅವಳು ಎಣಿಸಿರದಂಥದ್ದು. ಮೂರು ದಿನ ಅವಳು ಒಂದು ಜೀವವನ್ನು ಬೆರಳ ತುದಿಯಲ್ಲಿ ಹೊತ್ತುಕೊಂಡು ತಿರುಗಿದ್ದಳು, ನಿದ್ದೆ ಕೆಡಿಸಿಕೊಂಡಿದ್ದಳು, ಕೈ ತೊಳೆದೂ ತೊಳೆದೂ ಸವೆಸಿದ್ದಳು. ಆ ಕೈಯ ಮಾತಿಗೆ ಇಲ್ಲಿ ಯಾರೂ ಮೂರು ಕಾಸಿನ ಬೆಲೆ ಕೊಟ್ಟಿರಲಿಲ್ಲ. ಸುಳ್ಳು ಹೇಳಿದಳೆಂಬುದಕ್ಕಿಂತ, ಅವಳು ನಿಜ ಹೇಳಿದ್ದರೂ ಅದೇ ಗತಿಯಾಗುತ್ತಿತ್ತು ಎಂಬುದು ಅವಳನ್ನು ಹೆಚ್ಚು ಚುಚ್ಚಿತು. ತಪ್ಪು ಮಾಡಿದೆನೆಂದು ಅಳಲು ಬಂದವಳಿಗೆ, ತಪ್ಪು ಮಾಡುವಷ್ಟು ದೊಡ್ಡವಳೂ ನೀನಲ್ಲ ಎಂದ ಹಾಗಿತ್ತು. ಕಣ್ಣು ತುಂಬಿ ಬಂತು. ಅವಳು ಲಾರಿಯ ಟಯರನ್ನು ನೋಡುತ್ತಾ ನಿಂತಳು.

"ಬಂದಿದ್ದೀಯಲ್ಲ, ನೀನೇ ನೋಡು" ಎಂದರು ಮೇಷ್ಟ್ರು. "ಇವತ್ತು ಐದು ನಿಮಿಷ ಅಂತೇನಿಲ್ಲ. ಡ್ರೈವರು ನಿದ್ದೆ ಮಾಡ್ತಿದ್ದಾನೆ."

ಅಕ್ಕ ಪೆಟ್ಟಿಗೆಯಿಂದ ಗ್ಲೌಸ್ ಕೊಟ್ಟಳು, ಒಂದು ಮರದ ಮಣೆಯನ್ನು ಕಾಲಿನಿಂದ ತಳ್ಳಿ ಅವಳ ಮುಂದೆ ಸರಿಸಿದಳು. ಇಷ್ಟು ತಿಂಗಳಲ್ಲಿ ಮಣೆಯ ಮೇಲೆ ನಿಂತರೆ ನಾಲ್ಕು ಬೆರಳು ಎತ್ತರ ಸಿಗುತ್ತದೆ ಎಂದು ಯಾರಿಗೂ ಹೊಳೆದಿರಲಿಲ್ಲ. ಹೊಳೆದರೂ ಸಾಲಿನೆದುರು ಮಣೆ ಕೇಳಲು ಅವಳಿಗೆ ಮನಸ್ಸು ಬರುತ್ತಿರಲಿಲ್ಲ. ಅವಳು ಹತ್ತಿ ನಿಂತು ಕೈ ಒಳಗಿಟ್ಟಳು. ಬಿಸಿ. ಕರುಳು ಹಿಂಡಿತು, ಅವಳು ಕೈ ಆಡಿಸಲಿಲ್ಲ, ಸುಮ್ಮನೆ ಇಟ್ಟುಕೊಂಡಳು, ಹಿಡಿತ ತಾನಾಗಿ ಸಡಿಲಾಗುವವರೆಗೆ ಎದುರಿನ ಗೋಡೆಯ ಮೇಲೆ ಗಾರೆ ಉದುರಿದ ಜಾಗವನ್ನು ನೋಡಿದಳು. ಸಡಿಲಾಯಿತು. ಸೊಂಟದ ಮೂಳೆಗಳ ನಡುವೆ, ಮಂಗಳವಾರ ತಡಕಾಡಿದ ಅದೇ ಜಾಗದಲ್ಲಿ, ಇವತ್ತೂ ಏನೂ ಇರಲಿಲ್ಲ. ಪುಸ್ತಕದಲ್ಲಿ ಇಲ್ಲಿರಬೇಕು ಎಂದಿದ್ದದ್ದು ಇಲ್ಲಿಲ್ಲ. ಹಾಗಾದರೆ ಎಲ್ಲಿದೆ? ಪಿಶ್ಶೆಂದು ಮಹಾರಾಣಿ ಮೂಗಿನಿಂದ ಉಸಿರು ಬಿಟ್ಟಿತು. ಭಾರವಾದದ್ದು ಕೆಳಕ್ಕೆ ಜಾರುತ್ತದೆ ಎಂದು ಅವಳಿಗೆ ಅನ್ನಿಸಿತು, ಪಾಠದ ಮಾತಾಗಿ ಅಲ್ಲ, ಬಾಗಿಲ ಹಿಂದೆ ತೂಗುವ ಚೀಲದ ಭಾರವಾಗಿ. ಮೂಳೆಯ ಅಂಚನ್ನು ದಾಟಿ ಬೆರಳುಗಳನ್ನು ಕೆಳಗೆ, ಹೊಟ್ಟೆಯ ಕಡೆಗೆ ಬಗ್ಗಿಸಿದಳು. ಕೆನ್ನೆ ಹಸುವಿನ ಬೆನ್ನಿಗೆ ತಾಗಿತು. ಅಲ್ಲಿ ಒಂದು ಚೀಲವಿತ್ತು. ತೆಳುಗೋಡೆ, ಒಳಗೆ ನೀರು. ಅವಳು ಬೆರಳುಗಳನ್ನು ಅದರ ಮೇಲಿಟ್ಟು ಕಾದಳು. ಮೊದಲು ಒಂದು ಬಂದು ತೋರುಬೆರಳಿಗೆ ತಾಗಿತು. ಆಮೇಲೆ ಅದರ ಪಕ್ಕದ್ದು. ಆಮೇಲೆ ಇನ್ನೊಂದು.

ಬೆರಳನ್ನು ಪಕ್ಕಕ್ಕೆ ಒಯ್ದು, ಪಾಠದಲ್ಲಿ ಹೇಳಿದ್ದ ರಕ್ತನಾಳವನ್ನು ಮೆಲ್ಲಗೆ ಒತ್ತಿ ಹಿಡಿದಳು. ಅದು ಮಿಡಿಯುತ್ತಿರಲಿಲ್ಲ, ಝುಂ ಎನ್ನುತ್ತಿತ್ತು, ಅಮ್ಮನ ಯಂತ್ರ ಓಡುವಾಗ ಮೇಜಿನ ಮೇಲೆ ಕೈಯಿಟ್ಟರೆ ಆಗುವಂತೆ. ಕರುವಿಗೆ ರಕ್ತ ಒಯ್ಯುವ ನಾಳ ಹಾಗೆ ನಡುಗುತ್ತದೆ ಎಂದು ಅವಳು ಮೂರು ಪರೀಕ್ಷೆಗಳಲ್ಲಿ ಬರೆದಿದ್ದಳು, ಪೂರ್ತಿ ಅಂಕ ಬಂದಿತ್ತು. ಅಷ್ಟು ಸಲ ಬರೆದದ್ದು ಇದನ್ನೇ ಎಂದು ಈಗ ನಂಬುವುದೇ ಕಷ್ಟವಾಯಿತು.

"ಗಬ್ಬ ಸಾರ್" ಎಂದಳು ಗೋಡೆಗೆ. "ನಾಲ್ಕು ತಿಂಗಳು. ಕೆಳಗೆ ಇಳಿದುಬಿಟ್ಟಿದೆ, ಅದಕ್ಕೇ ಮಂಗಳವಾರ ಸಿಗಲಿಲ್ಲ."

"ಹೇಗೆ ಹೇಳ್ತೀಯ?"

ಕರು ಗರ್ಭಚೀಲದ ಗೋಡೆಗೆ ಅಂಟಿಕೊಳ್ಳುವ ಜಾಗಗಳಲ್ಲಿ ಗಂಟುಗಳಾಗುತ್ತವೆ. ನಾಣ್ಯದಂತಿರುತ್ತವೆ ಎಂದು ಅವರ ಪುಸ್ತಕದಲ್ಲಿತ್ತು, ತರಗತಿಯವರೆಲ್ಲ ಅದನ್ನು ಬಾಯಿಪಾಠ ಮಾಡಿದ್ದರು, ಕಂಡವರೂ ಕಾಣದವರೂ ನಾಣ್ಯ ಎಂದೇ ಹೇಳುತ್ತಿದ್ದರು. "ಗುಂಡಿ ಸಾರ್" ಎಂದಳು ಅವಳು. "ಹಳೇ ಕೋಟಿನ ಗುಂಡಿ. ಬಟ್ಟೆ ಸುತ್ತಿದ್ದು. ನಡುವೆ ಸ್ವಲ್ಪ ಉಬ್ಬಿದೆ, ಅಂಚು ಮೆತ್ತಗಿದೆ, ಒತ್ತಿದ್ರೆ ಜಾರುತ್ತೆ, ಆದ್ರೆ ಬಿಟ್ಟುಹೋಗಲ್ಲ. ಸಡಿಲವಾಗಿ ಹೊಲಿದಿರೋ ಗುಂಡಿ ಥರ. ಒಂದೇ ಅಳತೆಯವಲ್ಲ. ಐದು ಸಿಕ್ತು. ಆರು."

ತಪ್ಪಾಯಿತೇನೋ ಎಂದುಕೊಂಡು ಅವಳು ಕೈ ಹೊರಗೆ ತೆಗೆದು ಮಣೆಯಿಂದ ಇಳಿದು ತಿರುಗಿದಳು. ಕೂದಲು ಕೆನ್ನೆಗೆ ಅಂಟಿತ್ತು, ಏಪ್ರನ್ನು ನೋಡುವ ಹಾಗಿರಲಿಲ್ಲ. ಮೇಷ್ಟ್ರು ಅವಳ ಕೈಯನ್ನೇ ನೋಡುತ್ತಿದ್ದರು. ಅವರು ಈಗ ತಮ್ಮ ಗ್ಲೌಸ್ ಏರಿಸಿಕೊಂಡು ಬಂದು ತಾವೇ ಕೈ ಹಾಕಿ ನೋಡುತ್ತಾರೆ, ನೋಡಲಿ, ಅದು ಅವರ ಪದ್ಧತಿ ಎಂದು ಅವಳು ಜಾಗ ಬಿಟ್ಟು ಪಕ್ಕಕ್ಕೆ ಸರಿದಳು. ಮೇಷ್ಟ್ರು ಚೌಕಟ್ಟಿನ ಹತ್ತಿರ ಬಂದರು. ಕಂಬಿಗೆ ಕಟ್ಟಿದ್ದ ಚೀಟಿಯನ್ನು ಬಿಚ್ಚಿ, ಜೇಬಿನ ಪೆನ್ನಿನ ಜೊತೆ ಅವಳ ಎಡಗೈಗೆ ಕೊಟ್ಟರು.

"ಹೊಡೆದುಹಾಕಿ ಸರಿಯಾಗಿ ಬರಿ. ಸಹಿ ಮಾಡು."

ಎಡಗೈಯಲ್ಲಿ ಅಕ್ಷರ ವಕ್ರವಕ್ರವಾಗಿ ಬಂತು. ಅಕ್ಕ ಚೌಕಟ್ಟಿನ ಅಗುಳಿ ತೆಗೆದಳು. "ನಡಿಯಮ್ಮ, ನಿನ್ನ ಅರಮನೆಗೆ. ನಾನು ಅಂದ್ಕೊಂಡಿದ್ದನ್ನ ಯಾರೂ ಕೇಳಲ್ಲ ಬಿಡು" ಎಂದು ಹಗ್ಗ ಎಳೆದಳು. ಮಹಾರಾಣಿ ಅಷ್ಟು ಸುಲಭಕ್ಕೆ ಹೊರಡಲಿಲ್ಲ. ಲಾರಿಯ ಹಲಗೆಯನ್ನು ಮೂಸಿ, ಸರಿಬರದೆ, ತನ್ನಷ್ಟಕ್ಕೆ ತಾನು ಕೊಟ್ಟಿಗೆಯ ಕಡೆ ತಿರುಗಿತು. ಆಚೆ ನೆರಳಿನಲ್ಲಿ ಉದ್ದಕೈ ಬಂದು ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ. ಅವಳು ನೋಡಿದ್ದನ್ನು ಕಂಡು ಅವನು ಮುಷ್ಟಿಯನ್ನು ಬಾಯಿಗೆ ಅಡ್ಡ ಹಿಡಿದು, ಮೆಲ್ಲಗೆ ಒಂದು ಸಲ ಕೆಮ್ಮಿದ. ಅವಳಿಗೆ ನಗು ತಡೆಯಲಾಗಲಿಲ್ಲ.

"ಅಲ್ಲೇ ನಿಂತು ಕೆಮ್ಮಬೇಡಪ್ಪ, ಒಳಗೆ ಬಾ. ನಿಂಗೆ ಮೂವತ್ತೊಂದಿದೆ" ಎಂದರು ಮೇಷ್ಟ್ರು ಅತ್ತ ತಿರುಗದೆಯೇ. ಆಮೇಲೆ ಅವಳ ಸಗಣಿ ಮೆತ್ತಿದ ಗ್ಲೌಸ್ ಕಡೆ ನೋಡಿ, ತಮ್ಮ ಕೈಯಲ್ಲಿ ಆಗಿನಿಂದ ಹಾಗೇ ಇದ್ದ ಹೊಸ ಗ್ಲೌಸನ್ನು ಮುಂದೆ ಚಾಚಿದರು.

"ಅದನ್ನ ಬಿಚ್ಚಿ ಇದು ಹಾಕ್ಕೋ. ಇಪ್ಪತ್ತೆರಡನ್ನೂ ನೀನೇ ನೋಡಿ ಹೇಳು. ನಾನು ಬರ್ಕೋತೀನಿ."

ಮೇಷ್ಟ್ರ ಅಳತೆಯ ಗ್ಲೌಸ್ ಅದು, ಅವಳ ಹೆಗಲು ದಾಟಿ ಕಿವಿಯವರೆಗೆ ಬಂತು. ಬೆರಳ ತುದಿಗಳು ಖಾಲಿಯಾಗಿ ಜೋತಾಡುತ್ತಿದ್ದವು. ಅಮ್ಮ ಇದ್ದಿದ್ದರೆ ನಾಲ್ಕು ಹೊಲಿಗೆ ಹಾಕಿ ಚಿಕ್ಕದು ಮಾಡಿಕೊಡುತ್ತಿದ್ದಳು. ಅಕ್ಕ ಮೇಲಿನ ತುದಿಯನ್ನು ಎರಡು ಸುತ್ತು ಮಡಿಸಿ ತನ್ನ ಸೆರಗಿನ ಪಿನ್ನು ತೆಗೆದು ಹೆಗಲಿಗೆ ಸಿಕ್ಕಿಸಿದಳು, ಅವಳು ಮಣೆಯನ್ನು ಕಾಲಿನಿಂದ ಮುಂದಿನ ಹಸುವಿನ ಹಿಂದಕ್ಕೆ ತಳ್ಳಿಕೊಂಡು ಹೋದಳು.